ಡೀಸೆಲ್ ಗಾಡಿಯ ಟೈಮಿಂಗ್ ಬೆಲ್ಟ್: ಕಿಲೋಮೀಟರ್ ನೋಡಬೇಕಾ, ವರ್ಷ ನೋಡಬೇಕಾ?

ಪ್ರಶ್ನೆ (ಗದಗದ ಮಾಸ್ತರರು):
ನಮಸ್ಕಾರ ಮಿಸ್ತ್ರಿಯವರೇ. ಹೋದ ದೀಪಾವಳಿಗೆ ಸೆಕೆಂಡ್ ಹ್ಯಾಂಡ್ ಡಸ್ಟರ್ ಡೀಸೆಲ್ ತಗೊಂಡೆ. 2015ರ ಗಾಡಿ, ಮೀಟರ್‌ನಲ್ಲಿ 71 ಸಾವಿರ ಇದೆ. ಹಳೆ ಮಾಲೀಕರು "ಬೆಲ್ಟ್ ಹಾಕಿಸೀನಿ" ಅಂದಿದ್ದರು. ಬಿಲ್ ಕೇಳಿದರೆ ಹುಡುಕುತ್ತೇನೆ ಅಂದವರು ಇನ್ನೂ ಹುಡುಕುತ್ತಿದ್ದಾರೆ. ಇಲ್ಲಿ ಒಬ್ಬರು ಮೇಲಿನ ಕವರ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ "ಹೊಸದರ ಹಂಗ ಐತಿ, ಲಕ್ಷ ಆದಮ್ಯಾಲ ನೋಡೋಣ" ಅಂದರು. ಇನ್ನೊಬ್ಬರು "ನಾಳೆನೇ ಬದಲಿಸ್ರಿ" ಅಂತಾರೆ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುವುದು ಬಿಟ್ಟರೆ ಗಾಡಿ ಓಡುವುದೇ ಕಮ್ಮಿ. ಯಾರ ಮಾತು ಕೇಳಲಿ?

ಉತ್ತರ (ಹುಬ್ಬಳ್ಳಿ ಗೋಕುಲ್ ರಸ್ತೆಯ ಮಿಸ್ತ್ರಿ):
ಮಾಸ್ತರ್ರೇ, ಎರಡನೆಯವರ ಮಾತು ಕೇಳಿ. ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್‌ನ ಕೆಳಗಿನ ಭಾಗವನ್ನೂ ಮೇಲಿನ ವಾಲ್ವ್‌ಗಳನ್ನೂ ತಾಳ ತಪ್ಪದಂತೆ ಓಡಿಸುವ ಹಲ್ಲಿನ ರಬ್ಬರ್ ಪಟ್ಟಿ, ಅದು ಕಡಿದರೆ ಎಂಜಿನ್ ಹಾಳಾಗುತ್ತದೆ. "ನಾಳೆನೇ" ಅನ್ನುವುದು ಸ್ವಲ್ಪ ಜಾಸ್ತಿ ಆಯಿತು, ಈ ತಿಂಗಳಲ್ಲಿ ಮಾಡಿಸಿದರೆ ಸಾಕು. ಅಲ್ಲಿಯವರೆಗೆ ದೂರದ ಊರಿಗೆ ಮಾತ್ರ ತಗೊಂಡು ಹೋಗಬೇಡಿ.

ಮೊದಲನೆಯವರು ಸುಳ್ಳು ಹೇಳಿಲ್ಲ. ಅವರಿಗೆ ಬೆಲ್ಟ್ ಹೊಸದರಂತೆ ಕಂಡಿರಬಹುದು. ಮೊದಲೆಲ್ಲ ಬೆಲ್ಟ್ ಹಳೆಯದಾದರೆ ಮೇಲೆ ಎರೆ ಹೊಲದಂತೆ ಬಿರುಕು ಬಿಡುತ್ತಿತ್ತು, ನೋಡಿದರೆ ಗೊತ್ತಾಗುತ್ತಿತ್ತು. ಈಗಿನ ಬೆಲ್ಟ್‌ಗಳ ರಬ್ಬರ್ ಬಹಳ ಗಟ್ಟಿ. ಬೆನ್ನು ಕೊನೆಯವರೆಗೂ ಕಪ್ಪಗೆ ನುಣ್ಣಗೆ ಇರುತ್ತದೆ. ಸವೆಯುವುದು ಒಳಗಿನ ದಾರ ಮತ್ತು ಹಲ್ಲಿನ ಬುಡ. ಟಾರ್ಚ್ ಬಿಟ್ಟರೆ ಕಾಣುವುದು ಬೆನ್ನು ಮಾತ್ರ, ಅದೂ ಒಂದು ಗೇಣು. ನನ್ನ ಟೇಬಲ್ ಮೇಲೆ ಒಂದು ಹಳೆ ಬೆಲ್ಟ್ ಇಟ್ಟುಕೊಂಡಿದ್ದೇನೆ, ಬಂದವರಿಗೆ ತೋರಿಸಲಿಕ್ಕೆ. ಹೊರಗಿನಿಂದ ಏನೂ ಆಗಿಲ್ಲ. ತಿರುವಿ ಹಲ್ಲನ್ನು ಹೆಬ್ಬೆರಳಲ್ಲಿ ಒತ್ತಿದರೆ ನಾಲ್ಕು ಹಲ್ಲು ಬುಡದಲ್ಲಿ ಬಾಯಿ ಬಿಡುತ್ತವೆ. ಆ ಗಾಡಿ ಅವತ್ತು ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿಯೇ ಗ್ಯಾರೇಜಿಗೆ ಬಂದಿತ್ತು.

ಈಗ ವರ್ಷದ ಮಾತು. ಸಾಮಾನ್ಯವಾಗಿ ಕಂಪನಿಯ ಪುಸ್ತಕದಲ್ಲಿ ಎರಡು ಲೆಕ್ಕ ಇರುತ್ತವೆ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲು ಬರುತ್ತದೋ ಅದು. ಕಿಲೋಮೀಟರ್ ಲೆಕ್ಕ ಎಂಜಿನ್ ಮೇಲೆ ಹೋಗುತ್ತದೆ, 60 ಸಾವಿರದಿಂದ ಒಂದೂವರೆ ಲಕ್ಷದವರೆಗೂ ಇದೆ. ನಮ್ಮ ಜನ ಕಿಲೋಮೀಟರ್ ಒಂದನ್ನೇ ಹಿಡಿದುಕೊಳ್ಳುತ್ತಾರೆ. ರಬ್ಬರ್‌ಗೆ ಮೀಟರ್ ಗೊತ್ತಿಲ್ಲ. ಶೆಡ್‌ನಲ್ಲಿ ನಿಂತರೂ ಅದಕ್ಕೆ ವಯಸ್ಸಾಗುತ್ತದೆ. ನಿಮ್ಮ ಬೆಲ್ಟ್ ಕಂಪನಿಯಿಂದ ಬಂದದ್ದೇ ಆದರೆ ಅದಕ್ಕೆ ಹತ್ತು ವರ್ಷ ದಾಟಿದೆ. ನಮ್ಮ ಕಡೆಯ ಬಿಸಿಲು, ಧೂಳಿಗೆ ನಾನು ಐದು ವರ್ಷಕ್ಕಿಂತ ಮೇಲೆ ಯಾರಿಗೂ ಬಿಡಲು ಹೇಳುವುದಿಲ್ಲ. ಪುಸ್ತಕದಲ್ಲಿ ಅದಕ್ಕಿಂತ ಕಮ್ಮಿ ಇದ್ದರೆ ಪುಸ್ತಕದ ಮಾತೇ ನಡೆಯಲಿ.

ಇನ್ನೊಂದು ಲೆಕ್ಕ ಹಾಕಿ. 2020ರ ಏಪ್ರಿಲ್‌ಗೆ ಬಿಎಸ್-6 ಅನ್ನುವ ಹೊಗೆ ನಿಯಮ ಬಂದಾಗ ರೆನೋ, ನಿಸಾನ್, ಫೋಕ್ಸ್‌ವ್ಯಾಗನ್, ಸ್ಕೋಡಾ ಎಲ್ಲರೂ ಇಲ್ಲಿ ಡೀಸೆಲ್ ಕಾರು ನಿಲ್ಲಿಸಿದರು. ಅಂದರೆ ಡಸ್ಟರ್, ಟೆರಾನೊ, ಪೋಲೊ, ವೆಂಟೊ, ರ‍್ಯಾಪಿಡ್ ಡೀಸೆಲ್‌ಗಳಲ್ಲಿ ಎಲ್ಲಕ್ಕಿಂತ ಎಳೆಯದಕ್ಕೂ ಐದು ವರ್ಷ ಆಗಿಹೋಯಿತು. ಇವೆಲ್ಲ ಬೆಲ್ಟ್ ಗಾಡಿಗಳು. ಎಷ್ಟೇ ಕಮ್ಮಿ ಓಡಿರಲಿ, ಒಮ್ಮೆಯೂ ಬೆಲ್ಟ್ ಬದಲಾಗದ ಗಾಡಿ ಇದ್ದರೆ ಅದರ ಸರದಿ ಬಂದಿದೆ.

"ಹಾಕಿಸೀನಿ" ಅಂದ ಮಾತಿಗೂ ಒಂದು ಹೇಳುತ್ತೇನೆ. ಹೀಗೆ ಹೇಳಿದವರ ಬಿಲ್ ತರಿಸಿ ನೋಡಿದರೆ ಎಷ್ಟೋ ಸಲ ಅದು ಫ್ಯಾನ್ ಬೆಲ್ಟ್ ಆಗಿರುತ್ತದೆ. ಆಲ್ಟರ್ನೇಟರ್, ಎಸಿ ತಿರುಗಿಸುವ ಹೊರಗಿನ ಬೆಲ್ಟ್. ಅವರು ಬೇಕಂತ ಸುಳ್ಳು ಹೇಳಿರುವುದಿಲ್ಲ, ಅವರಿಗೆ ಎರಡೂ ಒಂದೇ.

ಪ್ರಶ್ನೆ (ಧಾರವಾಡದ ಅಕ್ಕ):
ನಮ್ಮದು ಪೋಲೊ ಡೀಸೆಲ್. ಕಡಿಯುವ ಮೊದಲು ಏನಾದರೂ ಸದ್ದು ಬರುತ್ತದಾ? ಕಡಿದರೆ ಅಷ್ಟೊಂದು ಖರ್ಚು ಯಾಕೆ? ಫ್ಯಾನ್ ಬೆಲ್ಟ್ ಕಡಿದಾಗ ಹೊಸದು ಹಾಕಿ ಮನೆಗೆ ಬಂದಿದ್ದೆವು.

ಉತ್ತರ (ಮಿಸ್ತ್ರಿ):
ಅಕ್ಕಾ, ಬೆಲ್ಟ್ ಹೇಳಿ ಕೇಳಿ ಕಡಿಯುವುದಿಲ್ಲ. ಸದ್ದು ಬಂದರೆ ಅದು ಸಾಮಾನ್ಯವಾಗಿ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಅಥವಾ ಅದಕ್ಕೆ ದಾರಿ ಕೊಡುವ ಐಡ್ಲರ್ ಚಕ್ರದ ಬೇರಿಂಗ್‌ದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕವರ್ ಕಡೆಯಿಂದ ಸಣ್ಣಗೆ ಗರಗರ ಅಂದರೆ ತಡ ಮಾಡದೆ ತೋರಿಸಿ. ಬೆಲ್ಟ್ ಹೊಸದಿದ್ದರೂ ಆ ಬೇರಿಂಗ್ ಹಿಡಿದುಕೊಂಡರೆ ಆಗುವುದು ಅದೇ ಅನಾಹುತ. ಇನ್ನೊಂದು, ಕವರ್ ಕೆಳಗೆ ಎಣ್ಣೆ ಅಥವಾ ಕೂಲಂಟ್ ಜಿನುಗಿದ ಗುರುತು. ಎಣ್ಣೆ ಬಿದ್ದ ಬೆಲ್ಟ್ ಮೆತ್ತಗಾಗುತ್ತದೆ. ಆಗ ಕಿಲೋಮೀಟರ್, ವರ್ಷ ಎರಡನ್ನೂ ಮರೆತುಬಿಡಿ, ಸೋರುವುದನ್ನು ನಿಲ್ಲಿಸಿ ಬೆಲ್ಟ್ ಬದಲಿಸುವುದೇ.

ಖರ್ಚು ಯಾಕೆ ಅಂದರೆ, ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗಿದರೆ ಮೇಲಿನ ದಂಡ, ಅಂದರೆ ಕ್ಯಾಮ್, ಒಂದು ಸುತ್ತು. ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಇರುವ ಬಾಗಿಲುಗಳು ವಾಲ್ವ್‌ಗಳು, ಅವನ್ನು ಕ್ಯಾಮ್ ತೆಗೆದು ಮುಚ್ಚುತ್ತದೆ. ಇವೆರಡನ್ನೂ ತಾಳ ತಪ್ಪದಂತೆ ಹಿಡಿದಿರುವುದು ಈ ಬೆಲ್ಟ್. ನೀವು 2000 ಆರ್‌ಪಿಎಂನಲ್ಲಿ ಆರಾಮಾಗಿ ಹೋಗುತ್ತಿದ್ದರೂ ಒಂದೊಂದು ವಾಲ್ವ್ ನಿಮಿಷಕ್ಕೆ ಸಾವಿರ ಸಲ ಕೆಳಗೆ ಬಂದು ಹೋಗುತ್ತಿರುತ್ತದೆ. ಡೀಸೆಲ್‌ನಲ್ಲಿ ಗಾಳಿಯನ್ನು ಒತ್ತಿ ಒತ್ತಿಯೇ ಬೆಂಕಿ ಹುಟ್ಟಿಸಬೇಕು, ಅದಕ್ಕೆ ಪಿಸ್ಟನ್ ಹೆಡ್‌ನ, ಅಂದರೆ ವಾಲ್ವ್‌ಗಳಿರುವ ಎಂಜಿನ್‌ನ ಮೇಲಿನ ಭಾಗದ, ತೀರಾ ಹತ್ತಿರ ಬರುತ್ತದೆ. ಬೆಲ್ಟ್ ಕಡಿದ ಕ್ಷಣ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ. ತೆರೆದ ವಾಲ್ವ್ ತೆರೆದೇ ಇರುತ್ತದೆ. ಕೆಳಗಿನಿಂದ ಪಿಸ್ಟನ್ ಬಂದು ಗುದ್ದುತ್ತದೆ.

ಹಿಂದೊಮ್ಮೆ ಅಂಕೋಲಾ ಕಡೆ ಹೊರಟ ಒಂದು ಕುಟುಂಬದ ಗಾಡಿ ಅರಬೈಲ್ ಘಾಟ್ ಇಳಿಯುವಾಗ ನಿಂತುಹೋಯಿತು. ಫೋನ್ ಮಾಡಿದರು. "ಸ್ಟಾರ್ಟರ್ ಹೊಡೆದಾಗ ಸದ್ದು ಹೆಂಗೈತಿ?" ಅಂತ ಕೇಳಿದೆ. ಫೋನನ್ನು ಬಾನೆಟ್ ಹತ್ತಿರ ಹಿಡಿದು ಒಮ್ಮೆ ಹೊಡೆದರು. ಸರಿಯಿದ್ದ ಡೀಸೆಲ್ ಎಂಜಿನ್ ತಿರುಗುವಾಗ ದುಗ್, ದುಗ್, ದುಗ್ ಅಂತ ತಡೆದು ತಡೆದು ತಿರುಗುತ್ತದೆ. ಇದು ಹೊಲಿಗೆ ಮಷಿನ್‌ನಂತೆ ಸುಯ್ಯಂತ ತಿರುಗುತ್ತಿತ್ತು. ಇನ್ನು ಕೀಲಿ ಮುಟ್ಟಬೇಡಿ ಅಂದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಇಳಿಜಾರಿನಲ್ಲಿ ಸೆಕೆಂಡ್ ಗೇರ್‌ಗೆ ಹಾಕಿ ಸ್ಟಾರ್ಟ್ ಮಾಡಲು ನೋಡಿದ್ದರಂತೆ. ಹೆಡ್ ಇಳಿಸಿದಾಗ ಎಂಟು ವಾಲ್ವ್‌ಗಳಲ್ಲಿ ಆರು ಬಾಗಿದ್ದವು. ಒಂದು ಪಿಸ್ಟನ್ ಮೇಲೆ ಅರ್ಧಚಂದ್ರದಂತೆ ಗುದ್ದಿದ ಗುರುತು. ಬೆಲ್ಟ್ ಬದಲಿಸುವ ಖರ್ಚಿನ ಐದು ಪಟ್ಟು ಬಿಲ್ ಆಯಿತು, ಟೋಯಿಂಗ್ ಬೇರೆ. ಆದ್ದರಿಂದ ಓಡುತ್ತಾ ಓಡುತ್ತಾ ಗಾಡಿ ತಟ್ಟನೆ ನಿಂತು, ಸ್ಟಾರ್ಟರ್ ಹಗುರಾಗಿ ತಿರುಗಿದರೆ ಅಲ್ಲಿಗೇ ಬಿಡಿ. ತಳ್ಳಬೇಡಿ.

ಪ್ರಶ್ನೆ (ಹಾವೇರಿಯಿಂದ):
ನನ್ನದು 2013ರ ಸ್ವಿಫ್ಟ್ ಡೀಸೆಲ್, 1 ಲಕ್ಷ 60 ಸಾವಿರ ಆಗಿದೆ. ಇಷ್ಟು ದಿನ ಯಾರೂ ಬೆಲ್ಟ್ ಬಗ್ಗೆ ಹೇಳೇ ಇಲ್ಲ. ಈಗ ಎದೆ ಡವಡವ ಅಂತಿದೆ.

ಉತ್ತರ (ಮಿಸ್ತ್ರಿ):
ಆರಾಮಾಗಿ ನಿದ್ದೆ ಮಾಡಿ. ನಿಮ್ಮ 1.3 ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಡಿಜೈರ್, ರಿಟ್ಜ್, ಹಳೆ ಬ್ರೆಜಾ ಡೀಸೆಲ್, ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಎಲ್ಲ ಅದೇ ಫಿಯಟ್ ಎಂಜಿನ್. ಚೈನ್‌ಗೆ ಇಷ್ಟು ಕಿಲೋಮೀಟರ್ ಅಂತ ಗಡುವು ಇಲ್ಲ, ಆದರೆ ಅದೂ ಅಮರ ಅಲ್ಲ. ಅದರ ಟೆನ್ಷನರ್ ಎಂಜಿನ್ ಆಯಿಲ್‌ನ ಒತ್ತಡದಲ್ಲೇ ಕೆಲಸ ಮಾಡುತ್ತದೆ. ಆಯಿಲ್ ಬದಲಿಸುವುದನ್ನು ಮುಂದೆ ಹಾಕುತ್ತಾ ಹೋದರೆ ಚೈನ್ ಜಗ್ಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ ಸದ್ದು ಬಂದರೆ ತೋರಿಸಿ.

ಪ್ರಶ್ನೆ (ಲಕ್ಷ್ಮೇಶ್ವರದ ಟ್ಯಾಕ್ಸಿ ಅಣ್ಣ):
ಹಳೆ ಇನೋವಾ. ಡ್ಯಾಶ್‌ಬೋರ್ಡ್‌ನಲ್ಲಿ ಟಿ-ಬೆಲ್ಟ್ ಲೈಟ್ ಇದೆಯಲ್ಲ, ಅದು ಹತ್ತಿದ ಮೇಲೆ ಮಾಡಿಸಿದರೆ ಸಾಕಲ್ವಾ?

ಉತ್ತರ (ಮಿಸ್ತ್ರಿ):
ಅಣ್ಣಾ, ಆ ಲೈಟ್‌ಗೆ ಬೆಲ್ಟ್ ಕಾಣುವುದಿಲ್ಲ. ಅದು ಕಿಲೋಮೀಟರ್ ಎಣಿಸುತ್ತದೆ ಅಷ್ಟೇ. ಯಾರಾದರೂ ಬೆಲ್ಟ್ ಹಾಕದೆ ಲೈಟ್ ಮಾತ್ರ ರಿಸೆಟ್ ಮಾಡಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಮೀಟರ್ ತಿರುಗಿಸಿದ ಗಾಡಿಯಾದರಂತೂ ಕೇಳಲೇಬೇಡಿ. ಇನ್ನೊಂದು ವಿಷಯ. ಮದುವೆ ಮಂಟಪದ ಹೊರಗೆ ಎಸಿ ಹಾಕಿಕೊಂಡು ತಾಸುಗಟ್ಟಲೆ ನಿಂತಿರುತ್ತೀರಿ. ಮೀಟರ್ ಓಡುವುದಿಲ್ಲ, ಬೆಲ್ಟ್ ಓಡುತ್ತಿರುತ್ತದೆ. ಟ್ಯಾಕ್ಸಿ ಗಾಡಿಗೆ ಪುಸ್ತಕದ ಕಿಲೋಮೀಟರ್‌ಗಿಂತ ಹತ್ತು ಹದಿನೈದು ಸಾವಿರ ಮೊದಲೇ ಹಾಕಿ. ಹಳೆ ಇನೋವಾದಲ್ಲಿ ಕೆಲಸವೂ ಸಲೀಸು. ಇನೋವಾ ಕ್ರಿಸ್ಟಾ ತಗೊಂಡರೆ ಈ ಗೋಜಿಲ್ಲ, ಅದು ಚೈನ್.

ಪ್ರಶ್ನೆ (ಗದಗದ ಮಾಸ್ತರರು):
ಆಯಿತು, ಮಾಡಿಸುತ್ತೇನೆ. ಬೆಲ್ಟ್ ಒಂದೇ ಹಾಕಿಸಿದರೆ ಸಾಕಾ? ನಮ್ಮ ಹುಡುಗ ವಿಡಿಯೋ ನೋಡಿ, ಹಳೆ ಬೆಲ್ಟ್ ಮೇಲೆ ವೈಟ್ನರ್‌ನಲ್ಲಿ ಗುರುತು ಹಾಕಿಕೊಂಡು ಮನೆಯಲ್ಲೇ ಬದಲಿಸೋಣ ಅಂತಾನೆ.

ಉತ್ತರ (ಮಿಸ್ತ್ರಿ):
ಹುಡುಗನ ಹುಮ್ಮಸ್ಸು ಒಳ್ಳೆಯದು, ಮೊದಲು ಏರ್ ಫಿಲ್ಟರ್ ಬದಲಿಸಲಿ! ವೈಟ್ನರ್ ಗುರುತು ನಾವೂ ಹಾಕುತ್ತೇವೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್ ಅಲುಗಾಡದಂತೆ ಲಾಕ್ ಪಿನ್ ಹಾಕಬೇಕು. ಬೆಲ್ಟ್ ಬಿಚ್ಚಿದ ಮೇಲೆ ಕ್ಯಾಮ್ ಒಂದು ಹಲ್ಲು ಅತ್ತಿತ್ತ ಸರಿದರೂ ಗುರುತು ಸುಳ್ಳಾಗುತ್ತದೆ.

ಬೆಲ್ಟ್ ಒಂದೇ ಬೇಡ. ಕಿಟ್ ತಗೊಳ್ಳಿ, ಟೆನ್ಷನರ್ ಮತ್ತು ಐಡ್ಲರ್ ಸೇರಿ ಬರುತ್ತದೆ. ನಿಮ್ಮ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗಿಸುವುದೂ ಇದೇ ಬೆಲ್ಟ್, ಆದ್ದರಿಂದ ಪಂಪ್ ಸಹ ಹೊಸದು ಹಾಕಿ. ಪೋಲೊ ಅಕ್ಕನಿಗೂ ಇದೇ ಮಾತು. ಪಂಪ್ ಉಳಿಸಿದರೆ ಇವತ್ತು ಸ್ವಲ್ಪ ದುಡ್ಡು ಉಳಿಯುತ್ತದೆ. ಎರಡು ವರ್ಷಕ್ಕೆ ಅದು ಸೋರಿದರೆ ಇದೇ ಕೆಲಸ ಮೊದಲಿನಿಂದ, ಕೂಲಿ ಎರಡನೇ ಸಲ. ಹೊರಗಿನ ಫ್ಯಾನ್ ಬೆಲ್ಟ್ ಕೂಡ ಬದಲಿಸಿಬಿಡಿ. ಅದು ಎಳೆ ಎಳೆಯಾಗಿ ಹರಿದು, ಆ ಎಳೆ ಟೈಮಿಂಗ್ ಕವರ್ ಒಳಗೆ ನುಗ್ಗಿ ಎಂಜಿನ್ ಹಾಳಾದ ಗಾಡಿಗಳಿವೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಹೊಸದು ತರಿಸಿ, ಹಳೆಯದನ್ನೇ ಬಿಗಿಯುವುದು ಬೇಡ.

ಸಾಮಾನು ತರುವಾಗ ಮಾಡೆಲ್ ಹೆಸರು ಹೇಳಿ ತರಬೇಡಿ, ಚಾಸಿಸ್ ನಂಬರ್ ಕೊಟ್ಟು ತನ್ನಿ. ಕಂಪನಿಯದ್ದೇ ಆಗಬೇಕಂತಿಲ್ಲ. ಗೇಟ್ಸ್, ಕಾಂಟಿಟೆಕ್, ಐಎನ್ಎ, ಎಸ್‌ಕೆಎಫ್ ಯಾವುದಾದರೂ ನಡೆಯುತ್ತದೆ, ಆದರೆ ನಕಲಿ ಬಹಳ ಓಡಾಡುತ್ತಿದೆ. ಬಿಲ್ ಕೊಡದ ಅಂಗಡಿಯಲ್ಲಿ ತಗೊಳ್ಳಬೇಡಿ. ಹೊಸ ಬೆಲ್ಟನ್ನು ಮಡಚಿ ಜೇಬಿಗೆ ತುರುಕುವುದು, ಒಳಗು ಹೊರಗು ಮಾಡಿ ನೋಡುವುದು ಬೇಡ. ಒಳಗಿನ ದಾರ ಅಲ್ಲೇ ಮುರಿಯುತ್ತದೆ.

ಕೆಲಸ ಮುಗಿಯುವಾಗ ನೀವು ಎದುರಿಗೆ ನಿಂತಿರಿ. ಲಾಕ್ ಪಿನ್ ತೆಗೆದ ಮೇಲೆ ಮಿಸ್ತ್ರಿ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲೂ ತಡೆಯಬಾರದು, ಪಿನ್ ಮತ್ತೆ ಸಲೀಸಾಗಿ ಕೂರಬೇಕು. ಇದನ್ನು ಮಾಡದೆ ಸೀದಾ ಕೀಲಿ ತಿರುಗಿಸಲು ಹೊರಟರೆ ಅವರನ್ನು ತಡೆಯಿರಿ. ಬೇಕಾದರೆ ನನ್ನ ಮೇಲೆ ಹಾಕಿ, "ಹುಬ್ಬಳ್ಳಿಯಾಗ ಒಬ್ಬ ಮಿಸ್ತ್ರಿ ಹೇಳ್ಯಾನ" ಅನ್ನಿ.

ಪ್ರಶ್ನೆ (ಗದಗದ ಮಾಸ್ತರರು, ಹನ್ನೆರಡು ದಿನದ ನಂತರ):
ಆಯಿತು ಮಿಸ್ತ್ರಿಯವರೇ. ಎರಡು ಸುತ್ತು ತಿರುಗಿಸಿದ್ದನ್ನು ನಿಂತು ನೋಡಿದೆ. ಬಿಚ್ಚಿದ ಹಳೆ ಬೆಲ್ಟ್ ನನ್ನ ಕಣ್ಣಿಗೂ ಚೆನ್ನಾಗಿಯೇ ಕಂಡಿತು, ನಿಜ ಹೇಳಬೇಕೆಂದರೆ ದುಡ್ಡು ದಂಡವಾಯಿತು ಅನಿಸಿತ್ತು. ಆಮೇಲೆ ಹಳೆ ಐಡ್ಲರ್ ಕೈಯಲ್ಲಿ ಹಿಡಿದು ತಿರುಗಿಸಿದೆ. ಮರಳು ತುಂಬಿದಂಗೆ ಕರಕರ ಅಂತು. ಪಂಪ್ ಕೆಳಗೆ ಒಣಗಿದ ಕೂಲಂಟ್‌ನ ಗೆರೆಯೂ ಇತ್ತು. ಹಳೆ ಮಾಲೀಕರಿಗೆ ಫೋಟೋ ಕಳಿಸಿದೆ, ಉತ್ತರ ಬಂದಿಲ್ಲ. ಬೆಲ್ಟ್ ಇನ್ನೂ ಗಟ್ಟಿ ಇದೆ, ದಾರಿಯಲ್ಲಿ ಬೇಕಾದೀತು ಅಂತ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.

ಉತ್ತರ (ಮಿಸ್ತ್ರಿ):
ತಾರೀಖು, ಕಿಲೋಮೀಟರ್ ಎರಡನ್ನೂ ಒಂದು ಸ್ಟಿಕರ್ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿ. ನಾಳೆ ನೀವು ಮಾರಿದರೆ ತಗೊಂಡವರು ಬಿಲ್ ಹುಡುಕುತ್ತಾ ಕೂರುವುದು ಬೇಡ. ಡಿಕ್ಕಿಯಲ್ಲಿರುವ ಬೆಲ್ಟನ್ನು ಇವತ್ತೇ ತೆಗೆಯಿರಿ. ಇದು ಸ್ಟೆಪ್ನಿ ಅಲ್ಲ ಮಾಸ್ತರ್ರೇ, ಕಡಿದ ಮೇಲೆ ದಾರಿಯಲ್ಲಿ ಹಾಕಿಕೊಂಡು ಬರಲಿಕ್ಕೆ ಆಗುವುದಿಲ್ಲ. ಹಿತ್ತಲಲ್ಲಿ ಹಾಗಲಬಳ್ಳಿಯ ಚಪ್ಪರ ಇದ್ದರೆ ಅದಕ್ಕೆ ಕಟ್ಟಿ. ಆ ಕೆಲಸಕ್ಕೆ ಇನ್ನೂ ಹತ್ತು ವರ್ಷ ಬರುತ್ತದೆ.