ಲೀನ್, ಮ್ಯೂಲ್, ಎಪಿಕೆ: ಬ್ಯಾಂಕಿನವರು ಹೇಳುವ ಈ ಪದಗಳ ಅರ್ಥವೇನು?

ಪ್ರಶ್ನೆ (ಶಿಡ್ಲಘಟ್ಟದಿಂದ): ವಕೀಲರಿಗೆ ನಮಸ್ಕಾರ. ರೇಷ್ಮೆ ಗೂಡು ಮಾರಿದ ಹಣ ಅಪ್ಪನ ಖಾತೆಗೆ ಬಂದಿತ್ತು. ಮರುದಿನ ವಾಟ್ಸ್ಆ್ಯಪ್‌ನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಬಂತು, ಅಪ್ಪ ಒತ್ತಿದರು. ಸಂಜೆಯೊಳಗೆ 84,000 ರೂಪಾಯಿ ಹೋಗಿತ್ತು. ಯಾರಿಗೂ ಒಟಿಪಿ ಹೇಳಿಲ್ಲ ಎಂದು ಅವರು ಆಣೆ ಮಾಡುತ್ತಿದ್ದಾರೆ. ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ‘31,000ಕ್ಕೆ ಲೀನ್ ಬಿದ್ದಿದೆ, ಉಳಿದದ್ದು ಮ್ಯೂಲ್ ಖಾತೆಗಳಿಂದ ಆಚೆ ಹೋಗಿದೆ’ ಎನ್ನುತ್ತಾರೆ ಬ್ಯಾಂಕಿನವರು. ಏನು ಹಾಗೆಂದರೆ?

ಉತ್ತರ: ತಂಗಿ, ಅಪ್ಪನ ಮಾತು ನಿಜ. ಮನೆಯಲ್ಲಿ ಯಾರೂ ಅವರನ್ನು ಅನುಮಾನಿಸಬೇಡಿ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್. ಇಂತಹ ಕಳ್ಳ ಆ್ಯಪ್ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಒಮ್ಮೆ ಒಪ್ಪಿದರೆ ಒಟಿಪಿ ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ, ತಾನಾಗಿ ಕಳ್ಳರ ಕೈ ಸೇರುತ್ತದೆ. ಸರ್ಕಾರದ ಹೆಸರು ತೋರಿಸಿ ಹೀಗೆ ಗಾಳ ಹಾಕುವುದೇ ಫಿಶಿಂಗ್.

ಮ್ಯೂಲ್ ಎಂದರೆ ಹೇಸರಗತ್ತೆ. ಕದ್ದ ಹಣವನ್ನು ಹೊತ್ತು ದಾಟಿಸಲು ಬಳಸುವ ಬೇರೆಯವರ ಖಾತೆ ಅದು. ಹಣ ಒಂದರಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಓಡುತ್ತದೆ. ನಿಮ್ಮ ದೂರು ಅದನ್ನು ಒಂದು ಕಡೆ ಅಡ್ಡಗಟ್ಟಿದೆ. ಆ ತಡೆಯೇ ಲೀನ್. ಅಂದರೆ 31,000 ಇನ್ನೂ ಬ್ಯಾಂಕಿನೊಳಗೇ ಇದೆ. ಅದು ತಾನಾಗಿ ವಾಪಸು ಬರುವುದಿಲ್ಲ. ದೂರಿನ ಸಂಖ್ಯೆ, ಪಾಸ್‌ಬುಕ್ ಹಿಡಿದು ಚಿಕ್ಕಬಳ್ಳಾಪುರದ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ. ಹಣ ಬಿಡುಗಡೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕೋಣ. ಇಂದೇ ಆ ಫೋನಿನ ಇಂಟರ್ನೆಟ್ ಆಫ್ ಮಾಡಿ. ಆದರೆ ಪೊಲೀಸರಿಗೆ ತೋರಿಸುವವರೆಗೂ ಏನನ್ನೂ ಅಳಿಸಬೇಡಿ.

ಪ್ರಶ್ನೆ (ಚಿಂತಾಮಣಿಯಿಂದ): ಮೇಡಂ, ಇದನ್ನು ಓದಿ ಎದೆ ಧಸಕ್ಕೆಂದಿತು. ನನ್ನ ತಮ್ಮ ಐದು ಸಾವಿರಕ್ಕೆ ಎಟಿಎಂ ಕಾರ್ಡ್, ಸಿಮ್ ಎರಡನ್ನೂ ಗೆಳೆಯನಿಗೆ ಕೊಟ್ಟಿದ್ದಾನೆ.

ಉತ್ತರ: ಅವನ ಖಾತೆಯೇ ಹೇಸರಗತ್ತೆ ಆಗಿರಬಹುದು, ಅಣ್ಣ. ‘ನಾನು ಒಂದು ರೂಪಾಯಿಯನ್ನೂ ಮುಟ್ಟಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಬೇರೆಯವರ ಹೆಸರಿನಲ್ಲಿ ಕಂಪ್ಯೂಟರ್, ಮೊಬೈಲ್ ಬಳಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಖಾತೆ ಕೊಟ್ಟವನನ್ನೂ ಆ ಪ್ರಕರಣಕ್ಕೆ ಎಳೆಯುತ್ತಾರೆ. ಅವನು ಇಪ್ಪತ್ತರ ಹುಡುಗನಿರಬೇಕು. ಇಂತಹ ಹುಡುಗರನ್ನು ಕಂಡು ನನಗೆ ಸಂಕಟವಾಗುತ್ತದೆ. ನೋಟಿಸ್ ಬರುವವರೆಗೆ ಕಾಯಬೇಡಿ. ಇಂದೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಖಾತೆ ನಿಲ್ಲಿಸಿ, ಸಿಮ್ ಬಂದ್ ಮಾಡಿಸಿ. ಗೆಳೆಯನೊಂದಿಗಿನ ಚಾಟ್ ಇಟ್ಟುಕೊಂಡು ನಾಳೆ ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ನನ್ನ ಕಚೇರಿಗೆ ಬನ್ನಿ, ಠಾಣೆಗೆ ಜೊತೆಯಲ್ಲೇ ಹೋಗೋಣ.