ಒಂದೇ ಸಿಟಿ ಸ್ಕ್ಯಾನ್ ರೂಮು: ಸೋಂಕಿನ ರೋಗಿ ಹೋದ ಮೇಲೆ ಎಷ್ಟು ಹೊತ್ತು ಖಾಲಿ ಬಿಡಬೇಕು?

ಕೋಲಾರ_ಇಮೇಜಿಂಗ್
ನಮಸ್ಕಾರ. ಇನ್ನೊಂದು ಸಾಂಕ್ರಾಮಿಕ ಬಂದರೆ ಅಂತ ನಮ್ಮ ವಿಭಾಗಕ್ಕೆ ಈಗಲೇ ನಿಯಮ ಬರೀತಿದ್ದೀವಿ. ಸಿಟಿ ಇರೋದು ಒಂದೇ. ರೂಮು 6 ಮೀ ಉದ್ದ, 5 ಮೀ ಅಗಲ, 3 ಮೀ ಎತ್ತರ. ಎರಡು ಸ್ಪ್ಲಿಟ್ ಎಸಿ, 12 ಇಂಚಿನ ಒಂದು ಎಕ್ಸಾಸ್ಟ್ ಫ್ಯಾನು. ಆಕ್ಸಿಡೆಂಟು, ಸ್ಟ್ರೋಕ್ ಕೇಸುಗಳೂ ಇಲ್ಲಿಗೇ ಬರಬೇಕು. ಒಂದು ಗಂಟೆ ಮುಚ್ಚಿ ಅಂತ ಕೆಲವರು, ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚ್ ದ್ರಾವಣ) ಹೊಡೆದು 10 ನಿಮಿಷಕ್ಕೆ ತೆಗೀರಿ ಅಂತ ಕೆಲವರು. ಯಾವುದು ಸರಿ? ಶಿಫ್ಟಿಗೆ ಇಬ್ಬರೇ ಟೆಕ್ನಿಷಿಯನ್ನು, ಕೆಲಸ ಹೇಗೆ ಹಂಚೋದು?

ಗಾಳಿ_ಲೆಕ್ಕ
ಎರಡೂ ಅಂದಾಜು ಸರ್. ಮೊದಲು ಗಾಳಿ ಅಳೆಯಿರಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತೆ, ಹೊಸ ಗಾಳಿ ತರಲ್ಲ. ನಿಮಗೆ ಲೆಕ್ಕಕ್ಕೆ ಸಿಗೋದು ಎಕ್ಸಾಸ್ಟ್ ಒಂದೇ.

ಫ್ಯಾನಿನ ಡಬ್ಬಿ ಮೇಲಿನ ಅಂಕಿ ನಂಬಬೇಡಿ. ಜಾಲರಿ, ಧೂಳು ಸೇರಿದರೆ ಅಷ್ಟು ಎಳೆಯಲ್ಲ. ಅನಿಮೋಮೀಟರ್ (ಗಾಳಿ ವೇಗ ಅಳೆಯೋ ಸಾಧನ) ಹಿಡಿದು ಫ್ಯಾನಿನ ಬಾಯಿಯ ನಾಲ್ಕೈದು ಕಡೆ ವೇಗ ನೋಡಿ, ಸರಾಸರಿ ತೆಗೀರಿ. 12 ಇಂಚಿನ ಬಾಯಿ ಸುಮಾರು 0.07 ಚದರ ಮೀಟರ್. ವೇಗ ಸೆಕೆಂಡಿಗೆ 2 ಮೀಟರ್ ಬಂದರೆ ಗಂಟೆಗೆ 504 ಘನ ಮೀಟರ್. ನಿಮ್ಮ ರೂಮು 90 ಘನ ಮೀಟರ್, ಅಂದರೆ ಗಂಟೆಗೆ 5.6 ಸಲ ಗಾಳಿ ಬದಲು. ಗಾಳಿಯಲ್ಲಿ ತೇಲೋ ಕಣಗಳು ಶೇ. 99 ಹೋಗೋಕೆ 276ನ್ನು ಆ ಸಂಖ್ಯೆಯಿಂದ ಭಾಗಿಸಿ: 49 ನಿಮಿಷ. ಫ್ಯಾನು ಹೆಚ್ಚಿಸಿ 12 ಸಲಕ್ಕೆ ತಂದರೆ 23 ನಿಮಿಷ ಸಾಕು. ಗಾಳಿ ಮೂಲೆಮೂಲೆಗೂ ಬೆರೆಯುತ್ತೆ ಅಂತ ಇಟ್ಟುಕೊಂಡ ಲೆಕ್ಕ ಇದು, ಹಾಗಾಗಿ ಎಸಿ ಸ್ವಿಂಗ್ ಓಡ್ತಾನೇ ಇರಲಿ.

ಕನ್ಸೋಲ್ ರೂಮಿನ (ಟೆಕ್ನಿಷಿಯನ್ ಕೂತು ಮೆಷೀನು ನಡೆಸೋ ಪಕ್ಕದ ರೂಮು) ಬಾಗಿಲು ಮುಚ್ಚಿ ಕೆಳಸಂದಿ ಹತ್ತಿರ ಊದಿನಕಡ್ಡಿ ಹಿಡೀರಿ. ಹೊಗೆ ಸಿಟಿ ರೂಮಿನೊಳಕ್ಕೆ ಹೋಗಬೇಕು. ಕನ್ಸೋಲ್ ಕಡೆ ತಿರುಗಿದರೆ ಅಲ್ಲಿ ಕೂತವರೇ ಆ ಗಾಳಿ ಉಸಿರಾಡ್ತಾರೆ. ಕನ್ಸೋಲ್ ರೂಮಿನ ಎಕ್ಸಾಸ್ಟ್ ನಿಲ್ಲಿಸಿ ಮತ್ತೆ ನೋಡಿ. ಇನ್ನೊಂದು ವಿಷಯ: ಯುಪಿಎಸ್ ಮೆಷೀನಿಗೆ ಇರುತ್ತೆ, ಫ್ಯಾನಿಗೆ ಇರಲ್ಲ. ಫ್ಯಾನನ್ನು ಜನರೇಟರ್ ಲೈನಿಗೆ ಹಾಕಿಸಿ. ಕರೆಂಟ್ ಹೋದ ಹೊತ್ತನ್ನು ಲೆಕ್ಕಕ್ಕೆ ಸೇರಿಸಬೇಡಿ.

ಹೈಪೋ ಗಾಳಿಗಲ್ಲ, ಮೇಲ್ಮೈಗೆ. ಶೇ. 4ರದ್ದು ಇದ್ದರೆ ಒಂದು ಪಾಲಿಗೆ ಮೂರು ಪಾಲು ನೀರು ಹಾಕಿದರೆ ಶೇ. 1 ಆಗುತ್ತೆ. ದಿನಾ ಹೊಸದಾಗಿ ಕಲೆಸಿ, ನೆಲ ಒರೆಸಿ 10 ನಿಮಿಷ ಒದ್ದೆ ಇರಲಿ. ಗ್ಯಾಂಟ್ರಿಗೆ (ಸಿಟಿ ಮೆಷೀನಿನ ಉಂಗುರದಂಥ ಭಾಗ) ಮಾತ್ರ ಬೇಡ, ಲೋಹ ತಿನ್ನುತ್ತೆ. ಅದಕ್ಕೆ ಕಂಪನಿ ಒಪ್ಪಿದ ದ್ರಾವಣವನ್ನು ಬಟ್ಟೆಗೆ ಹಾಕಿ ಒರೆಸಿ. ಸ್ಪ್ರೇ ಮಾಡಿದರೆ ಸಂದಿಯಿಂದ ಒಳಗಿನ ಎಲೆಕ್ಟ್ರಾನಿಕ್ಸಿಗೆ ಇಳಿಯುತ್ತೆ.

ಖಾಲಿ ಬಿಟ್ಟ ಹೊತ್ತಲ್ಲೇ ಸ್ಟ್ರೋಕ್ ಕೇಸ್ ಬಂದರೆ ಕಾಯಿಸಲೇಬೇಡಿ. ರೋಗಿಗೆ ಸರ್ಜಿಕಲ್ ಮಾಸ್ಕ್, ಒಳಗೆ ಹೋಗೋರಿಗೆಲ್ಲ ಎನ್95, ಟೇಬಲ್ ಒರೆಸಿ ತಗೊಳ್ಳಿ.

ತುಮಕೂರು_ರೇಡಿಯೋಗ್ರಫಿ
ಗಾಳಿ ವಿಷಯ ಮೇಲಿನವರು ಹೇಳಿದ್ದಾರೆ. ಕೆಲಸ ಹಂಚಿಕೆಗೆ ಬರ್ತೀನಿ. ಒಬ್ಬರು ರೋಗಿ ಮುಟ್ಟೋರು, ಇನ್ನೊಬ್ಬರು ಕನ್ಸೋಲ್ ಬಿಟ್ಟು ಏಳದವರು. ಶಿಫ್ಟ್ ಮಧ್ಯ ಅದಲು ಬದಲು ಬೇಡ. ಕೈಯಿಂದ ಸೋಂಕು ಹರಡೋದು ಗ್ಲೌಸ್ ಹಾಕಿಕೊಂಡೇ ಕೀಬೋರ್ಡ್, ಬಾಗಿಲ ಹಿಡಿ, ಫೋನ್ ಮುಟ್ಟಿದಾಗ, ಆಮೇಲೆ ಪಿಪಿಇ ಬಿಚ್ಚುವಾಗ. ಬಿಚ್ಚೋ ಕ್ರಮ: ಗ್ಲೌಸ್, ಕನ್ನಡಕ, ಗೌನ್, ಮಾಸ್ಕ್ ಕೊನೆಗೆ, ರೂಮಿನ ಹೊರಗೆ ಬಂದ ಮೇಲೆ. ಪ್ರತಿ ಹಂತಕ್ಕೂ ಕೈಗೆ ಸ್ಯಾನಿಟೈಸರ್. ಕನ್ಸೋಲಿನವರು ಗಾಜಿನಿಂದ ನೋಡ್ತಾ ಕ್ರಮ ತಪ್ಪಿದರೆ ಹೇಳಲಿ.

ಎನ್95 ಹಾಕಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆ ಗಾಳಿ ಬಂದರೆ ಮೂಗಿನ ತಂತಿ ಮತ್ತೆ ಒತ್ತಿ. ಗಡ್ಡ ಇದ್ದರೆ ಮಾಸ್ಕ್ ಸರಿಯಾಗಿ ಕೂರೋದೇ ಇಲ್ಲ. ವಾರ್ಡಿಗೆ ಪೋರ್ಟಬಲ್ ಎಕ್ಸ್‌ರೇ ತೆಗೆಯೋಕೆ ಹೋಗುವಾಗ ವಿಕಿರಣ ತಡೆಯೋ ಲೆಡ್ (ಸೀಸ) ಏಪ್ರನ್ ಗೌನಿನ ಒಳಗೆ, ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯೋದು) ಏಪ್ರನ್ ಒಳಗೆ ಎದೆ ಮಟ್ಟದಲ್ಲಿ. ಹಾಗಿದ್ದರೆ ಎರಡೂ ಸೋಂಕಿಗೆ ಸಿಗಲ್ಲ.

ಚಿಂತಾಮಣಿ_ಪೋರ್ಟಬಲ್
ಎದೆ ಎಕ್ಸ್‌ರೇ ಸಾಕಾದ ಕಡೆ ರೋಗಿಯನ್ನು ಸಿಟಿಗೆ ಎಳೆದು ತರಬೇಡಿ ಅಂತ ವಾರ್ಡಿನ ಡಾಕ್ಟರಿಗೆ ಹೇಳಿ. ವಾರ್ಡಿನಲ್ಲೇ ಪೋರ್ಟಬಲ್ ತೆಗೆಯುವಾಗ ಡಿಟೆಕ್ಟರಿಗೆ (ಎಕ್ಸ್‌ರೇ ಚಿತ್ರ ಹಿಡಿಯೋ ಹಲಗೆ) ಎರಡು ಪ್ಲಾಸ್ಟಿಕ್ ಕವರ್, ಬಲ-ಎಡ ಮಾರ್ಕರ್ ಒಳಗೇ ಅಂಟಿಸಿ. ಮುಗಿದ ಮೇಲೆ ಒಳಗಿನ ನರ್ಸ್ ಹೊರಕವರಿನ ಬಾಯಿ ಬಿಡಿಸಿ ಹಿಡೀಲಿ, ಬಾಗಿಲಲ್ಲಿ ನಿಂತವರು ಒಳಕವರ್ ಮಾತ್ರ ಎಳೆದುಕೊಳ್ಳಲಿ.

ಕೋಲಾರ_ಇಮೇಜಿಂಗ್
ತುಂಬಾ ಉಪಕಾರ ಆಯ್ತು. ಎರಡನೇ ಫ್ಯಾನಿಗೆ ಗೋಡೆ ಒಡೆಸಬಹುದಾ?

ಗಾಳಿ_ಲೆಕ್ಕ
ಒಡೆಸೋ ಮುಂಚೆ ನಿಮ್ಮ ರೇಡಿಯೇಷನ್ ಸೇಫ್ಟಿ ಆಫೀಸರ್ ಒಪ್ಪಬೇಕು. ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ನಿಯಮದಂತೆ ಲೆಡ್ ಇಲ್ಲದ ತೂತು ಹೊರಗಿನ ನೆಲದಿಂದ 2 ಮೀಟರಿಗಿಂತ ಮೇಲೆ ಇರಬೇಕು. ಹೊರಗೆ ಕಟ್ಟೆಯೋ ಮೆಟ್ಟಿಲೋ ಇದ್ದರೆ ಅದರ ಮೇಲಿಂದ ಅಳೆಯಿರಿ. ಫ್ಯಾನಿನ ಬಾಯಿ ರೋಗಿಗಳು ಕಾಯೋ ಕಡೆ ತಿರುಗದಿರಲಿ. ಕೂರಿಸಿದ ಮೇಲೆ ರೇಡಿಯೇಷನ್ ಸರ್ವೆ ಮಾಡಿಸಿ, ಊದಿನಕಡ್ಡಿ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ.