ವೈನಿ ಎದ್ಯಾಗ ಗಂಟು ಐತಿ, ಬ್ಯಾನಿ ಇಲ್ಲ, ಸೂಜಿ ಟೆಸ್ಟ್ ಮಾಡಸೂದೋ ಬ್ಯಾಡೋ?

ಜಮಖಂಡಿ ಹುಡುಗಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ವೈನಿಗೆ 43 ವಯಸ್ಸು, ಎಡಗಡೆ ಎದ್ಯಾಗ ಗಂಟು ಕೈಗೆ ಹತ್ತತೈತಿ, ದೀಪಾವಳಿ ಮುಂದನ ಗೊತ್ತಾಗಿತ್ತಂತ ಆದ್ರ ನಾಚಿಕಿಗೆ ಯಾರ ಮುಂದೂ ಹೇಳಿಲ್ಲ, ಈಗ ತೊಟ್ಟು ಒಳಗ ಎಳಕೊಂಡಂಗ ಆದಮ್ಯಾಲೆ ನನ್ನ ಮುಂದ ಬಾಯಿ ಬಿಟ್ರು. ಡಾಕ್ಟರ್ ಮ್ಯಾಮೋಗ್ರಾಮ್ (ಎದಿ ಎಕ್ಸರೇ), ಬಯಾಪ್ಸಿ (ಸೂಜಿಲೆ ಗಂಟಿನ ತುಣುಕು ತಗದು ನೋಡೂದು) ಎರಡೂ ಬರದಾರ. ನಮ್ಮವ್ವ ಮಾತ್ರ ಬ್ಯಾನಿನ ಇಲ್ಲಂದ್ರ ಕೊಬ್ಬಿನ ಗಂಟು, ಸೂಜಿ ಚುಚ್ಚಿದ್ರ ಮೈತುಂಬ ಹರಡತೈತಿ, ಊರಾಗ ಲೇಪ ಕೊಡ್ತಾರ ಅಲ್ಲಿಗೆ ಹೋಗೂನು ಅಂತ ಹಠ ಹಿಡದಾಳ. ಏನ್ ಮಾಡೂದ್ರಿ?

ಸಿಸ್ಟರ್ ವಿಜಯಪುರ:
ತಂಗಿ, ಬ್ಯಾನಿ ಇಲ್ಲಂತ ಸುಮ್ನಿರಬ್ಯಾಡ್ರಿ, ಎದಿ ಕ್ಯಾನ್ಸರ್ ಗಂಟು ಶುರುವಿಗೆ ಬಹಳ ಮಂದಿಗೆ ನೋಯೂದ ಇಲ್ಲ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ ಖರೆ, ಆದ್ರ ತೊಟ್ಟು ಹೊಸದಾಗಿ ಒಳಗ ಹೋಗೇತಂದ್ರ ತಡಾ ಮಾಡಬಾರದು. ಬಗಲಾಗ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳಿ ಸಿಪ್ಪಿಗತೆ ಆಗೂದು, ಇವು ಇದ್ರ ಡಾಕ್ಟರ್‌ಗೆ ಹೇಳ್ರಿ. ಸೂಜಿಯಿಂದ ಹರಡತೈತಿ ಅನ್ನೂದನ್ನ ನಾನು ಡ್ಯೂಟ್ಯಾಗ ದಿನಾ ಕೇಳ್ತೀನಿ, ಸುಳ್ಳದು. ಆ ಸಣ್ಣ ತುಣುಕಿನ ಮ್ಯಾಲೇ ಇಆರ್, ಪಿಆರ್ (ಗಂಟು ಹಾರ್ಮೋನ್‌ದಿಂದ ಬೆಳಿತೈತೇನು ಅಂತ), ಹರ್-2 (ಆ ಹೆಸರಿನ ಪ್ರೋಟೀನ್ ಜಾಸ್ತಿ ಐತೇನು ಅಂತ) ಟೆಸ್ಟ್ ಮಾಡ್ತಾರ, ಯಾವ ಔಷಧ ನಾಟತೈತಿ ಅಂತ ಅದರಿಂದನ ತಿಳಿಯೂದು. ಇಆರ್ ಪಾಸಿಟಿವ್ ಬಂದ್ರ ಟ್ಯಾಮಾಕ್ಸಿಫೆನ್‌ನಂತಾ ಹಾರ್ಮೋನ್ ತಡಿಯೂ ಗುಳಿಗಿ ಸಾಮಾನ್ಯ 5 ವರ್ಷ ಇರತೈತಿ. ಬಯಾಪ್ಸಿ ಇಲ್ಲದನ ಮೊದಲ ಗಂಟು ಕೊಯ್ದು ಬಿಡೂನು ಅನ್ನಾವ್ರು ಸಿಕ್ಕರ ಬ್ಯಾರೆ ಕಡೆ ತೋರಸ್ರಿ.

ಗೋಕಾಕ ಕಾಕಾ:
ನಮ್ಮ ಮನ್ಯಾಕಿಗೂ ಆಗಿತ್ತವ್ವಾ, ಈಗ ಆರಾಮ ಅದಾಳ. ಪೂರ್ತಿ ಎದಿ ತಗೀತಾರಂತ ಅಂಜಿದ್ವಿ, ಗಂಟು ಸಣ್ಣದಿತ್ತಂತ ಅದಷ್ಟ ತಗದು ಕೀಮೋ ಮಾಡಿ ಆಮ್ಯಾಲೆ ಕರೆಂಟ್ (ರೇಡಿಯೇಶನ್) ಕೊಟ್ರು. ಕೂದಲಾ ಹೋದುವು, ಮತ್ತ ಬಂದಾವ, ಮೊದಲಿಗಿಂತ ಗುಂಗುರು! ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷ ತನಕ ಚಿಕಿತ್ಸಾ ಪುಕ್ಕಟ ಐತಿ, ರೇಶನ್ ಕಾರ್ಡ್, ಆಧಾರ್ ಕೈಯಾಗ ಇಟಗೊಂಡ ಹೋಗ್ರಿ. ಹುಬ್ಬಳ್ಳಿ ನವನಗರದಾಗ ಕ್ಯಾನ್ಸರ್ ಆಸ್ಪತ್ರಿ ಐತಿ, ಎಲ್ಲಾದಕ್ಕೂ ಬೆಂಗಳೂರಿಗೆ ಓಡೂದ ಬ್ಯಾಡ.

ಮುಧೋಳ ಮಂದಿ:
ಲೇಪ ಅಂತ ಕುಂತು ಗಂಟು ಒಡದು ಹುಣ್ಣಾದಮ್ಯಾಲೆ ದವಾಖಾನಿಗೆ ಬಂದಾವ್ರನ್ನ ನೋಡೀನಿ. ನಿಮ್ಮವ್ವನ್ನ ಡಾಕ್ಟರ್ ಮುಂದನ ಕುಂಡ್ರಸ್ರಿ, ನೀವ್ ಹೇಳಿದ್ರ ಕೇಳೂದಿಲ್ಲ ಅವರು.

ಜಮಖಂಡಿ ಹುಡುಗಿ:
ಸೋಮವಾರ ಹೊಂಟೀವ್ರಿ, ಅವ್ವನ್ನೂ ಕರ್ಕೊಂಡ. ಉಪವಾಸ ಇರಬೇಕೇನ್ರಿ?

ಸಿಸ್ಟರ್ ವಿಜಯಪುರ:
ಸೂಜಿ ಟೆಸ್ಟಿಗೆ ಆ ಜಾಗಾ ಅಷ್ಟ ಮರಗಟ್ಟಸ್ತಾರ, ಸಾಮಾನ್ಯ ಉಂಡೇ ಹೋಗಬಹುದು, ಆದ್ರೂ ಒಮ್ಮೆ ಫೋನ್ ಹಚ್ಚಿ ಕೇಳ್ರಿ. ರಕ್ತ ತೆಳು ಮಾಡೂ ಗುಳಿಗಿ ತಗೊಂತಿದ್ರ ಮೊದಲ ಹೇಳ್ರಿ. ಮ್ಯಾಮೋಗ್ರಾಮ್ ದಿನ ಬಗಲಿಗೆ ಪೌಡರ್, ಸೆಂಟ್ ಬ್ಯಾಡ, ಫಿಲ್ಮಿನ್ಯಾಗ ಚುಕ್ಕಿ ಬಿದ್ದಂಗ ಕಾಣತೈತಿ.